ಮಾಮಾರ ಡೈರಿ, ಅಜ್ಜಿಯ ಟ್ರಂಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ದೊಡ್ಡ ಮಾಮಾ ಪಾಕಿಸ್ತಾನದ ಜೊತೆಗಿನ 1965ರ ಯುದ್ಧದಲ್ಲಿ ಆರ್ಟಿಲರಿ, ಅಂದರೆ ಫಿರಂಗಿ ದಳದ ಅಧಿಕಾರಿಯಾಗಿದ್ದರು. ಅವರ ಡೈರಿ ಮತ್ತು ಅಜ್ಜಿಗೆ ಬರೆದ ಕಾಗದಗಳು ಈಗ ಪುಣೆಯಲ್ಲಿ ನನ್ನ ಹತ್ತಿರ ಇವೆ. ಮೂರು ವರ್ಷದಿಂದ ಒಂದೊಂದೇ ಪುಟ ಓದಿ ಟೈಪ್ ಮಾಡುತ್ತಿದ್ದೇನೆ. ಮದುವೆ, ಮುಂಜಿ, ಕನ್ನಡದವರು ಸೇರುವ ಗಣಪತಿ ಹಬ್ಬ, ಎಲ್ಲಿ ಹೋದರೂ ಅವೇ ಪ್ರಶ್ನೆಗಳು. ಉತ್ತರ ಹೇಳಿ ಹೇಳಿ ಬಾಯಿ ನೋಯುವ ಮುಂಚೆ ಬರೆದಿಡೋಣ ಅನ್ನಿಸಿತು.

ನಿಮ್ಮ ಮಾಮಾ ಆರ್ಟಿಲರಿಗೆ ಹೋದದ್ದು ಹೇಗೆ? ಮನೆಯಲ್ಲಿ ಯಾರಾದರೂ ಸೈನ್ಯದಲ್ಲಿದ್ದರಾ?

ಯಾರೂ ಇರಲಿಲ್ಲ. ಧಾರವಾಡ ಕಡೆಯಿಂದ ಬಂದು ಪುಣೆಯ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದ ಗುಮಾಸ್ತರ ಕುಟುಂಬ ನಮ್ಮದು. 1962ರ ಚೀನಾ ಯುದ್ಧದ ನಂತರ ಸೈನ್ಯಕ್ಕೆ ತುರ್ತಾಗಿ ಅಧಿಕಾರಿಗಳು ಬೇಕಾದರು. ಪದವಿ ಮುಗಿಸಿದ ಹುಡುಗರನ್ನು ಎಮರ್ಜೆನ್ಸಿ ಕಮಿಷನ್ (ತುರ್ತಿಗೆ ಕೊಡುವ ಅಧಿಕಾರಿ ಹುದ್ದೆ) ಕೊಟ್ಟು ಸೇರಿಸಿಕೊಂಡರು. ಅದಕ್ಕಾಗಿ ಪುಣೆ ಮತ್ತು ಮದ್ರಾಸಿನಲ್ಲಿ ಆಫೀಸರ್ಸ್ ಟ್ರೇನಿಂಗ್ ಸ್ಕೂಲ್ ತೆರೆದರು. ಮಾಮಾ ಪುಣೆಯದಕ್ಕೆ ಸೇರಿದರು. ಮನೆ ಅಷ್ಟು ಹತ್ತಿರವಿದ್ದರೂ ಹೋಗಿಬರುವಂತಿಲ್ಲ. ಅದರದ್ದೇ ಒಂದು ಸಂಕಟ ಅಂತ ಅಜ್ಜಿ ಹೇಳುತ್ತಿದ್ದರು. ಅಲ್ಲಿಂದ ನಾಸಿಕ್ ಹತ್ತಿರದ ದೇವಳಾಲಿ. ಆರ್ಟಿಲರಿ ಸ್ಕೂಲು ಇರೋದು ಅಲ್ಲೇ. ಮೊದಲು ಅದು ಈಗಿನ ಪಾಕಿಸ್ತಾನದ ಕಾಕುಲ್‌ನಲ್ಲಿತ್ತು.

ನಮ್ಮ ಕಡೆಯವರಿಗೆ ಇನ್ನೊಂದು ಸಂಗತಿ ಹೇಳಬೇಕು. ಭಾರತೀಯರದ್ದೇ ಆದ ಮೊದಲ ಫೀಲ್ಡ್ ಆರ್ಟಿಲರಿ ಬ್ರಿಗೇಡ್ ಶುರುವಾದದ್ದು 1935ರ ಜನವರಿ 15ರಂದು, ಬೆಂಗಳೂರಿನಲ್ಲಿ. ಅದಕ್ಕಿಂತ ಹಿಂದೆ, 1827ರ ಸೆಪ್ಟೆಂಬರ್ 28ರಂದು, ಬಾಂಬೆ ಆರ್ಟಿಲರಿಯಲ್ಲಿ ದೇಶೀಯ ಗೋಲಂದಾಜರ (ತೋಪು ಹಾರಿಸುವವರ) ಒಂದು ಕಂಪನಿ ಹುಟ್ಟಿತು. ಅದೇ ದಿನವನ್ನು ಈಗಲೂ ಗನ್ನರ್ಸ್ ಡೇ ಅಂತ ಆಚರಿಸುತ್ತಾರೆ. ಮಾಮಾ ನಿವೃತ್ತರಾದ ಮೇಲೂ ಆ ಸಂಜೆ ಒಂದು ಪೆಗ್ ರಮ್ ಹಾಕಿಕೊಂಡು ಬಾಲ್ಕನಿಯಲ್ಲಿ ಕೂರುತ್ತಿದ್ದರು. ಅಜ್ಜಿ ಆ ಒಂದು ದಿನ ಮಾತ್ರ ನೋಡಿಯೂ ನೋಡದ ಹಾಗೆ ಇರುತ್ತಿದ್ದರು.

ಟ್ರಂಕಿನಲ್ಲಿ ಏನೇನಿತ್ತು?

ಎರಡು ಪಾಕೆಟ್ ಡೈರಿ, ನಲವತ್ತೊಂದು ಇನ್‌ಲ್ಯಾಂಡ್ ಲೆಟರ್, ಎರಡು ಮೆಡಲ್, ತೋಪಿನ ಮದ್ದು ತುಂಬುವ ಹಿತ್ತಾಳೆಯ ಒಂದು ಖಾಲಿ ಕಾಟ್ರಿಡ್ಜ್ ಕೇಸ್. 1961ಕ್ಕಿಂತ ಹಿಂದಿನ ಒಂದು ಚೀಟಿಯೂ ಇಲ್ಲ. ಆ ವರ್ಷ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದು ಮುಠಾ ನದಿ ಪೇಟೆಗಳಿಗೆ ನುಗ್ಗಿತು. ನಮ್ಮ ಮನೆಯಲ್ಲಿದ್ದ ಕಾಗದ ಪತ್ರ ಎಲ್ಲ ಹೋದವು. ಅದಾದ ಮೇಲೆ ಅಜ್ಜಿ ಮುಖ್ಯವಾದದ್ದನ್ನೆಲ್ಲ ಕಬ್ಬಿಣದ ಟ್ರಂಕಿನಲ್ಲಿ, ಅಟ್ಟದ ಮೇಲೆ ಇಡೋಕೆ ಶುರು ಮಾಡಿದರು. ಪಾನ್‌ಶೆತ್ ಒಡೆದಿರದಿದ್ದರೆ ಈ ಕಾಗದಗಳು ರದ್ದಿಗೆ ಹೋಗುತ್ತಿದ್ದವೋ ಏನೋ.

ಮಾಮಾ ಹಾರಿಸಿದ್ದು ಬೋಫೋರ್ಸ್ ಅಲ್ವಾ?

ಅಲ್ಲ! ಹತ್ತರಲ್ಲಿ ಒಂಬತ್ತು ಜನ ಇದನ್ನೇ ಕೇಳುತ್ತಾರೆ. ಬೋಫೋರ್ಸ್ ಅನ್ನೋ ಸ್ವೀಡನ್ನಿನ ತೋಪು ಕೊಳ್ಳುವ ಒಪ್ಪಂದ ಆದದ್ದು 1986ರಲ್ಲಿ. ಮಾಮಾರದ್ದು 25 ಪೌಂಡರ್, ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಫಿರಂಗಿ. ಶೆಲ್ಲಿನ ತೂಕ 25 ಪೌಂಡು, ಅಂದರೆ 11 ಕಿಲೋಗಿಂತ ಸ್ವಲ್ಪ ಜಾಸ್ತಿ. ಅದರಿಂದಲೇ ಆ ಹೆಸರು. ಸುಮಾರು 12 ಕಿಲೋಮೀಟರ್ ದೂರ ಹೊಡೆಯುತ್ತಿತ್ತು. ಪುಣೆಯ ಶನಿವಾರವಾಡಾದ ಮುಂದೆ ನಿಲ್ಲಿಸಿ ಹಾರಿಸಿದರೆ ಹಡಪ್ಸರ್ ದಾಟಿ ಬೀಳುತ್ತದೆ, ಅಷ್ಟು. ಒಂದು ತೋಪಿಗೆ ಆರು ಜನ. ಮೊದಲು ಶೆಲ್ಲನ್ನು ನಳಿಗೆಗೆ ತುರುಕಬೇಕು, ಹಿಂದಿನಿಂದ ಹಿತ್ತಾಳೆ ಕೇಸ್ ಹಾಕಬೇಕು. ಕೇಸಿನೊಳಗೆ ಮದ್ದಿನ ಚೀಲಗಳು ಕೆಂಪು, ಬಿಳಿ, ನೀಲಿ. ಎಷ್ಟು ದೂರ ಹೋಗಬೇಕು ಅನ್ನೋದರ ಮೇಲೆ ಚೀಲ ತೆಗೆಯುವುದು, ಬಿಡುವುದು.

1999ರಲ್ಲಿ ಟಿವಿಯಲ್ಲಿ ಕಾರ್ಗಿಲ್ ತೋರಿಸುವಾಗ ಮಾಮಾ ಸೋಫಾದ ತುದಿಗೆ ಬಂದು ಕೂತಿರುತ್ತಿದ್ದರು. ಆ ಯುದ್ಧದಲ್ಲಿ ಎರಡೂವರೆ ಲಕ್ಷ ಶೆಲ್, ರಾಕೆಟ್ ಹಾರಿಸಿದರು ಅಂತ ಆಮೇಲೆ ಪೇಪರಿನಲ್ಲಿ ಬಂತು. ಮಾಮಾ ಓದಿ, "ಅಷ್ಟಕ್ಕೂ ಲೆಕ್ಕ ಬರೆದವನು ಯಾವನೋ ಪಾಪ" ಅಂದರು. ಅವರ ಮಾತಿನ ಅರ್ಥ ನನಗೆ ಆದದ್ದು ಡೈರಿ ಓದಿದ ಮೇಲೆ.

ಆರ್ಟಿಲರಿ ಅಧಿಕಾರಿ ಅಂದರೆ ತೋಪಿನ ಪಕ್ಕ ನಿಂತು "ಫೈರ್" ಅನ್ನೋದಾ?

ಸಿನಿಮಾದಲ್ಲಿ ಹಾಗೆ. ತೋಪಿನ ಹತ್ತಿರ ಇರುವವರಿಗೆ ಶತ್ರು ಕಾಣೋದೇ ಇಲ್ಲ. ಅವರು ಕೆಲವು ಕಿಲೋಮೀಟರ್ ಹಿಂದೆ, ಮರದ ಮರೆಯಲ್ಲಿ ಇರುತ್ತಾರೆ. ಮುಂದೆ, ಪದಾತಿ ದಳದ ಜೊತೆ ಒಬ್ಬ ಆರ್ಟಿಲರಿ ಅಧಿಕಾರಿ ದುರ್ಬೀನು, ನಕಾಶೆ, ವೈರ್‌ಲೆಸ್ ಸೆಟ್ ಹಿಡಿದು ಕೂತಿರುತ್ತಾನೆ. ಅದಕ್ಕೆ ಅಬ್ಸರ್ವೇಶನ್ ಪೋಸ್ಟ್, ಡೈರಿಯಲ್ಲಿ ಬರೀ "ಓಪಿ". ಮೊದಲ ಶೆಲ್ ಎಲ್ಲಿ ಬಿತ್ತು ಅಂತ ನೋಡಿ, ಇನ್ನೂ ಇಷ್ಟು ಮುಂದೆ, ಇಷ್ಟು ಹಿಂದೆ, ಎಡಕ್ಕೆ, ಬಲಕ್ಕೆ ಅಂತ ಹೇಳುತ್ತಾನೆ. ಹಿಂದಿರುವವರು ಕೋನ ಲೆಕ್ಕ ಹಾಕಿ ತೋಪು ತಿರುಗಿಸುತ್ತಾರೆ. ಗುರಿಯ ಆಚೆ ಒಂದು, ಈಚೆ ಒಂದು ಬಿದ್ದ ಮೇಲೆ ಅಂತರವನ್ನು ಅರ್ಧ ಅರ್ಧ ಮಾಡುತ್ತ ಬಂದರೆ ಗುರಿ ಸಿಗುತ್ತದೆ. ಆಮೇಲೆ ಎಲ್ಲ ತೋಪುಗಳೂ ಒಟ್ಟಿಗೆ.

ಮಾಮಾ ಮೊದಲ ವಾರ ತೋಪುಗಳ ಹತ್ತಿರ ಇದ್ದರು. ಆಮೇಲೆ ಓಪಿಗೆ ಕಳಿಸಿದರು. ಆ ಬದಲಾವಣೆ ಡೈರಿಯ ಕೈಬರಹದಲ್ಲೇ ಕಾಣುತ್ತದೆ. ಅಲ್ಲಿ ತನಕ ಸಾಲು ನೇರವಾಗಿವೆ, ಅಲ್ಲಿಂದ ಮುಂದೆ ಮೊಣಕಾಲ ಮೇಲಿಟ್ಟು ಬರೆದ ಹಾಗೆ ಏರಿಳಿತ.

ಡೈರಿಯಲ್ಲಿ ಬರೀ ಪ್ಲಸ್, ಮೈನಸ್ ಲೆಕ್ಕವೇ ಇದೆಯಲ್ಲ?

ನಮ್ಮ ಕಾಕಾ ಒಬ್ಬರು ಅದನ್ನು ನೋಡಿ ಮೆಸ್ ಬಿಲ್ ಅಂದುಕೊಂಡಿದ್ದರು. "400 ಜಮಾ, 200 ಖರ್ಚು, ಹುಡುಗ ಲೆಕ್ಕದಲ್ಲಿ ಚೊಕ್ಕ" ಅಂತ ಮೆಚ್ಚಿಯೂ ಬಿಟ್ಟರು. ಅದು ಮೇಲೆ ಹೇಳಿದ ತಿದ್ದುಪಡಿ: 400 ಗಜ ಮುಂದೆ, 200 ಗಜ ಹಿಂದೆ.

ಆರು ಅಂಕಿಯ ಸಂಖ್ಯೆ ಕಂಡರೆ ಅದು ನಕಾಶೆಯ ಗ್ರಿಡ್. ಮೊದಲ ಮೂರು ಅಂಕಿ ಪಶ್ಚಿಮದಿಂದ ಪೂರ್ವಕ್ಕೆ, ಕೊನೆಯ ಮೂರು ದಕ್ಷಿಣದಿಂದ ಉತ್ತರಕ್ಕೆ. ನಾಲ್ಕಂಕಿಯದು ಸಾಮಾನ್ಯವಾಗಿ ಗಂಟೆ: 0530 ಅಂದರೆ ಬೆಳಗಿನ ಐದೂವರೆ. "ಡಿಎಫ್" ಅಂದರೆ ಶತ್ರು ನುಗ್ಗಿ ಬಂದರೆ ಹೊಡೆಯೋಕೆ ಮೊದಲೇ ಗುರುತು ಮಾಡಿಟ್ಟ ಜಾಗ. "ಬಿಸಿ" ಅಂದರೆ ಬ್ಯಾಟರಿ ಕಮಾಂಡರ್, ತೋಪುಗಳ ಒಂದು ಗುಂಪಿನ (ಅದಕ್ಕೆ ಬ್ಯಾಟರಿ ಅನ್ನುತ್ತಾರೆ) ಮುಖ್ಯಸ್ಥ. "ಇವತ್ತು ಬಿಸಿ ಸಿಟ್ಟಾಗಿದ್ದ" ಅಂತ ಒಂದು ಕಡೆ ಇದೆ. ಅದನ್ನು ಓದಿ ನಮ್ಮ ತಂಗಿ ಬಿಸಿಲು ಅಂದುಕೊಂಡಿದ್ದಳು.

ಯುದ್ಧ ನಡೆಯುವಾಗ ಡೈರಿ ಇಟ್ಟುಕೊಳ್ಳೋಕೆ ಬಿಡ್ತಿದ್ರಾ?

ಬಿಡಬಾರದು. ಅಧಿಕಾರಿ ಸೆರೆ ಸಿಕ್ಕರೆ ಡೈರಿಯೂ ಶತ್ರು ಕೈಗೆ ಹೋಗುತ್ತದೆ. ಹಾಗಾಗಿ ಮುಂಚೂಣಿಯಲ್ಲಿ ಖಾಸಗಿ ಡೈರಿ ಬೇಡ ಅನ್ನೋದು ಬ್ರಿಟಿಷರ ಕಾಲದಿಂದಲೂ ಇದ್ದ ನಿಯಮ. ಆದರೂ ಎಲ್ಲ ಯುದ್ಧಗಳಲ್ಲೂ ಬರೆಯುವವರು ಬರೆದಿದ್ದಾರೆ. ಮಾಮಾ ಒಂದು ಉಪಾಯ ಮಾಡಿದ್ದರು. ಕೆಲಸದ ಪದಗಳು ಇಂಗ್ಲಿಷಿನಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ. ಶೆಲ್ಲುಗಳ ಎಣಿಕೆಯೂ ಕನ್ನಡ ಅಂಕಿಯಲ್ಲಿ. ಅವರ ರೆಜಿಮೆಂಟಿನಲ್ಲಿ ಕನ್ನಡ ಓದುವವರು ಇನ್ನೊಬ್ಬರಿರಲಿಲ್ಲ. ಲಾಹೋರಿನಲ್ಲಂತೂ ಇರಲಿಕ್ಕಿಲ್ಲ ಅಂತ ನಗುತ್ತಿದ್ದರು.

ಯೂನಿಟ್ಟಿನ "ವಾರ್ ಡೈರಿ" ಬೇರೆಯದೇ ಕಾಗದ. ಅದು ಸರಕಾರಿ ದಾಖಲೆ. ಇಂಥ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗಪಡಿಸಬೇಕು ಅಂತ ರಕ್ಷಣಾ ಸಚಿವಾಲಯ 2021ರಲ್ಲಿ ನೀತಿ ತಂದಿದೆ. ಮನೆಯ ಡೈರಿಯನ್ನು "ವಾರ್ ಡೈರಿ" ಅಂತ ಕರೆದರೆ ಹಳೆಯ ಸೈನಿಕರು ತಕ್ಷಣ ತಿದ್ದುತ್ತಾರೆ, ಹುಷಾರು.

ಮಾಮಾ ಎಲ್ಲಿ ಹೋರಾಡಿದರು?

ಅಮೃತಸರದಿಂದ ಲಾಹೋರಿಗೆ ಹೋಗುವ ಗ್ರ್ಯಾಂಡ್ ಟ್ರಂಕ್ ರೋಡಿನಲ್ಲಿ. ಸೆಪ್ಟೆಂಬರ್ 6ರ ಬೆಳಿಗ್ಗೆ ನಮ್ಮ ಸೈನ್ಯ ವಾಘಾ ದಾಟಿತು. ಆ ದಿನವೇ ಪಾಕಿಸ್ತಾನದ ಸೇಬರ್ ವಿಮಾನಗಳು ರಸ್ತೆಯ ಮೇಲೆ ದಾಳಿ ಮಾಡಿದವು. ಡೈರಿಯಲ್ಲಿ ಆ ತಾರೀಖಿಗೆ ಇರುವುದು ಎರಡೇ ಮಾತು: "ಚರಂಡಿ. ಬದುಕಿದೆ."

ಮುಂದೆ ಅಡ್ಡ ಇದ್ದದ್ದು ಇಚ್ಛೋಗಿಲ್ ಕಾಲುವೆ. ಪಾಕಿಸ್ತಾನದವರು ಅದಕ್ಕೆ ಬಿಆರ್‌ಬಿ ಅನ್ನುತ್ತಾರೆ. ನೀರಾವರಿಗೂ ಆಯಿತು, ಟ್ಯಾಂಕು ತಡೆಯೋಕೂ ಆಯಿತು ಅನ್ನೋ ಹಾಗೆ ಅಗಲವಾಗಿ ಕಟ್ಟಿದ್ದು. ಅದರ ದಂಡೆಯಲ್ಲಿ ಡೋಗರಾಯ್ ಅನ್ನೋ ಊರು. ನಮ್ಮ ಪದಾತಿ ದಳದ 3 ಜಾಟ್ ಬೆಟಾಲಿಯನ್ ಮೊದಲ ದಿನವೇ ಅಲ್ಲಿಗೆ ಮುಟ್ಟಿ, ಹಿಂದಿನಿಂದ ಬೆಂಬಲ ಬರದೆ ವಾಪಸ್ಸಾಗಬೇಕಾಯಿತು. ಅದೇ ಬೆಟಾಲಿಯನ್ ಸೆಪ್ಟೆಂಬರ್ 21–22ರ ರಾತ್ರಿ ಮತ್ತೆ ನುಗ್ಗಿ ಊರು ಹಿಡಿಯಿತು. ಅಮಾವಾಸ್ಯೆ ಹತ್ತಿರ, ದಟ್ಟ ಕತ್ತಲು. ಬೀದಿ ಬೀದಿಯಲ್ಲಿ ಕೈ ಕೈ ಮಿಲಾಯಿಸಿ ನಡೆದ ಕಾಳಗ. ಮಾಮಾರ ಬ್ಯಾಟರಿ ಆ ರಾತ್ರಿ ಹೊಡೆದ ಹಲವು ಬ್ಯಾಟರಿಗಳಲ್ಲಿ ಒಂದು. ಲಾಹೋರ್ ನೋಡಿದಿರಾ ಅಂತ ಯಾರಾದರೂ ಕೇಳಿದರೆ, "ರಾತ್ರಿ ದೀಪ ಆರಿಸಿದ್ದರು, ಏನು ನೋಡೋದು" ಅನ್ನುತ್ತಿದ್ದರು.

ಡೈರಿ ಒಂದು ಹೇಳುತ್ತೆ, ಕಾಗದ ಇನ್ನೊಂದು ಹೇಳುತ್ತೆ. ಯಾವುದನ್ನು ನಂಬೋದು?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಮೊದಲು ನಾನು ಡೈರಿ ನಿಜ, ಕಾಗದ ಸುಮ್ನೆ ಅಂದುಕೊಂಡಿದ್ದೆ. ಕಾಗದಗಳು ಎಲ್ಲ ಒಂದೇ ಥರ ಶುರುವಾಗುತ್ತವೆ. ಮೇಲೆ ಶ್ರೀ, ಆಮೇಲೆ "ತೀರ್ಥರೂಪ ಅವ್ವನವರ ಚರಣಗಳಿಗೆ ಸಾಷ್ಟಾಂಗ ನಮಸ್ಕಾರ. ಉಭಯ ಕುಶಲೋಪರಿ." ಸುತ್ತ ಶೆಲ್ ಬೀಳುವಾಗಲೂ ಉಭಯ ಕುಶಲವೇ. ಎಲ್ಲಿದ್ದೇವೆ, ಏನು ಮಾಡುತ್ತಿದ್ದೇವೆ ಅಂತ ಬರೆಯುವಂತಿಲ್ಲ. ಹಾಗಾಗಿ ಊಟ, ಹವೆ, ತಮ್ಮನ ಓದು, ಇಷ್ಟೇ. ಪಂಜಾಬಿನ ಹಳ್ಳಿಯವರು ಪರಾಠಾ, ಲಸ್ಸಿ ತಂದು ಕೊಡುತ್ತಾರೆ, ನನ್ನ ಹೊಟ್ಟೆಯ ಚಿಂತೆ ಬೇಡ ಅಂತ ಮೂರು ಕಾಗದದಲ್ಲಿದೆ. ಇದನ್ನೆಲ್ಲ ಬೇಗ ಬೇಗ ಟೈಪ್ ಮಾಡಿ ಪಕ್ಕಕ್ಕಿಟ್ಟೆ.

ಒಂದು ಕಾಗದಕ್ಕೆ ಮಾತ್ರ ತಾರೀಖು ಇರಲಿಲ್ಲ. ಅಂಚೆಯ ಮುದ್ರೆಯೂ ಓದೋಕೆ ಬರುತ್ತಿರಲಿಲ್ಲ (ಅದರ ಕಥೆ ಕೆಳಗೆ ಇದೆ). ಅದರಲ್ಲಿ ಹೀಗಿದೆ: ಗುರೆಳ್ಳು ಚಟ್ನಿಪುಡಿ ಮುಟ್ಟಿತು, ಡಬ್ಬಿಯ ಮುಚ್ಚಳ ಸಡಿಲಾಗಿ ಅರ್ಧ ಪಾರ್ಸೆಲ್ಲಿಗೆ ಚೆಲ್ಲಿದೆ, ಹುಡುಗರು ಅದನ್ನೂ ಬಳಿದು ತಿಂದರು. ಆಮೇಲೆ ಒಂದು ಸಾಲು: "ಇವತ್ತು ಅಪ್ಪನ ಪಕ್ಷ. ತಮ್ಮ ಸರಿಯಾಗಿ ಮಾಡಿದನೇ? ಕಾಗೆ ಬಂತೇ?"

ಅಜ್ಜನ ತಿಥಿ ಮನೆಯಲ್ಲಿ ಎಲ್ಲರಿಗೂ ಗೊತ್ತು. 1965ರ ಪಂಚಾಂಗ ಹುಡುಕಿ ನೋಡಿದೆ. ಪಿತೃಪಕ್ಷದಲ್ಲಿ ಆ ತಿಥಿ ಬಿದ್ದದ್ದು ಸೆಪ್ಟೆಂಬರ್ 22, ಬುಧವಾರ. ಡೋಗರಾಯ್ ಕೈಗೆ ಬಂದ ಬೆಳಿಗ್ಗೆ.

ಡೈರಿಯಲ್ಲಿ ಆ ದಿನದ ಪುಟ ತೆಗೆದೆ. ಎಡಗಡೆ ಎಣ್ಣೆಯ ಕಲೆ. ನಾಲ್ಕು ಗೀಟು, ಅಡ್ಡ ಒಂದು ಗೀಟು, ಹೀಗೆ ಐದೈದರ ಕಟ್ಟುಗಳು ಪುಟದ ಮುಕ್ಕಾಲು ಭಾಗ ತುಂಬಿವೆ. ನಡುವೆ ಮೂರು ಕಡೆ ಗಂಟೆ ಎಷ್ಟು ಅಂತ ಬರೆದಿದೆ. ಕೊನೆಗೆ ಒಬ್ಬ ವೈರ್‌ಲೆಸ್ ಆಪರೇಟರ್ ಹೆಸರು, ಹೆಸರಿನ ಮುಂದೆ ಏನೂ ಇಲ್ಲ. ಎಣ್ಣೆಯ ಕಲೆಯನ್ನು ನಾನು ತೋಪಿನ ಗ್ರೀಸ್ ಅಂದುಕೊಂಡಿದ್ದೆ. ಭೂತಗನ್ನಡಿ ಹಿಡಿದು ನೋಡಿದರೆ ಕಾಗದದ ನಾರಿನಲ್ಲಿ ಕಪ್ಪು ಪುಡಿ ಸಿಕ್ಕಿಕೊಂಡಿದೆ. ಗುರೆಳ್ಳು!

ಅವತ್ತಿನಿಂದ ಯಾವುದು ನಿಜ ಅಂತ ಕೇಳೋದು ಬಿಟ್ಟೆ. ತಾರೀಖಿನ ಪ್ರಕಾರ ಎರಡನ್ನೂ ಪಕ್ಕಪಕ್ಕ ಇಟ್ಟೇ ಓದುತ್ತೇನೆ. ಹೆಸರೊಂದನ್ನು ಬರೆದು ಮುಂದೆ ಏನೂ ಬರೆಯಲಾಗದವನೇ ಅದೇ ದಿನ ಅವ್ವನಿಗೆ ಪಕ್ಷದ ವಿಚಾರ ಕೇಳಿದ್ದಾನೆ. ಒಂದೇ ಓದಿದ್ದರೆ ನನಗೆ ಅರ್ಧ ಮಾಮಾ ಸಿಗುತ್ತಿದ್ದರು.

ಕದನವಿರಾಮದ ದಿನ ಏನು ಬರೆದಿದ್ದಾರೆ?

ಸೆಪ್ಟೆಂಬರ್ 23ರ ಬೆಳಗಿನ ಜಾವ 3:30ಕ್ಕೆ ಕದನವಿರಾಮ ಜಾರಿಗೆ ಬಂತು. ಡೈರಿಯಲ್ಲಿ: "0330. ಚಹಾ." ಅಷ್ಟೇ.

ಅಷ್ಟು ದೂರದಿಂದ ಕಾಗದ ಪುಣೆಗೆ ಹೇಗೆ ಬರುತ್ತಿತ್ತು?

ಸೈನ್ಯಕ್ಕೆ ಅದರದ್ದೇ ಅಂಚೆ ವ್ಯವಸ್ಥೆ ಇದೆ. ವಿಳಾಸದಲ್ಲಿ ಊರು ಇರೋದಿಲ್ಲ. ನಂಬರು, ಹುದ್ದೆ, ಹೆಸರು, ಯೂನಿಟ್, ಕೆಳಗೆ "ಕೇರಾಫ್ 56 ಎಪಿಒ" (ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್). ಯೂನಿಟ್ ಎಲ್ಲಿಗೆ ಹೋದರೂ ವಿಳಾಸ ಅದೇ. ಪೂರ್ವದ ಕಡೆ ಇದ್ದವರಿಗೆ 99 ಎಪಿಒ. ನಿಮ್ಮ ಮನೆಯ ಹಳೆಯ ಲಕೋಟೆಯಲ್ಲಿ ಈ ಎರಡರಲ್ಲಿ ಯಾವುದಿದೆ ನೋಡಿ, ಅವರು ದೇಶದ ಯಾವ ಮಗ್ಗುಲಲ್ಲಿದ್ದರು ಅಂತ ಅಂದಾಜು ಸಿಗುತ್ತದೆ. ಅಜ್ಜಿಗೆ ಮಾತ್ರ 56 ಅನ್ನೋದು ಒಂದು ಊರೇ ಆಗಿಬಿಟ್ಟಿತ್ತು. "ಛಪ್ಪನ್ನದಲ್ಲಿ ಥಂಡಿ ಜಾಸ್ತಿಯಂತೆ" ಅಂತ ಪಕ್ಕದ ಮನೆಯ ಮರಾಠಿ ಕಾಕೂಗೆ ಹೇಳುತ್ತಿದ್ದರಂತೆ.

ಮಾಮಾ ಎಷ್ಟು ಜನರನ್ನು ಕೊಂದರು?

ಮಕ್ಕಳು ಕೇಳುವ ಪ್ರಶ್ನೆ. ದೊಡ್ಡವರಿಗೂ ಕೇಳಬೇಕು ಅನ್ನಿಸುತ್ತದೆ, ಕೇಳೋದಿಲ್ಲ. ತೋಪಿನ ಹತ್ತಿರ ಇರುವವರಿಗೆ ತಾವು ಏನು ಹೊಡೆದೆವು ಅಂತ ಕಾಣದು. ಓಪಿಯಲ್ಲಿ ಕೂತವನಿಗೆ ದುರ್ಬೀನಿನಲ್ಲಿ ಕಾಣುತ್ತದೆ. ಮಾಮಾ ಶೆಲ್ಲುಗಳನ್ನು ಒಂದೊಂದಾಗಿ ಎಣಿಸಿದ್ದಾರೆ. ಜನರ ಎಣಿಕೆ ಡೈರಿಯಲ್ಲಿ ಎಲ್ಲೂ ಇಲ್ಲ. ನಾನು ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ. ಅವರು ಎದ್ದು ಹೋಗಿ ಗಿಡಗಳಿಗೆ ನೀರು ಹಾಕಿದರು. ಬೆಳಿಗ್ಗೆಯೇ ಹಾಕಿ ಆಗಿತ್ತು.

ಅವರಿಗೆ ಕಿವಿ ಮಂದ ಇತ್ತಲ್ಲ, ಅದು ಯುದ್ಧದಿಂದಲೇನಾ?

ಹೌದು. ಆರ್ಟಿಲರಿಯವರಲ್ಲಿ ಅದು ಸಾಮಾನ್ಯ. ಆಗ ಕಿವಿಗೆ ಹತ್ತಿ ತುರುಕಿಕೊಂಡರೆ ಅದೇ ರಕ್ಷಣೆ. ಅವರಿಗೆ ಎಡಗಿವಿ ಮಂದ. ಸೈನ್ಯ ಬಿಟ್ಟ ಮೇಲೆ ಬ್ಯಾಂಕ್ ಸೇರಿದರು. ಕೌಂಟರಿನಲ್ಲಿ ಗಿರಾಕಿಗಳನ್ನು ಬಲಗಡೆ ನಿಲ್ಲಿಸಿಕೊಂಡೇ ಮಾತಾಡುತ್ತಿದ್ದರು. ಬಹಳ ಜನ ಅದನ್ನು ಸೈನಿಕನ ಗತ್ತು ಅಂದುಕೊಂಡಿದ್ದರು.

ಗೆದ್ದ ಜಾಗ ವಾಪಸ್ ಕೊಟ್ಟಾಗ ಅವರಿಗೆ ಬೇಜಾರಾಗಲಿಲ್ವಾ?

1966ರ ಜನವರಿ 10ಕ್ಕೆ ತಾಷ್ಕೆಂಟ್ ಒಪ್ಪಂದ. ಎರಡೂ ಸೈನ್ಯ ಆಗಸ್ಟ್ 5ಕ್ಕೆ ಮುಂಚೆ ಎಲ್ಲಿದ್ದವೋ ಅಲ್ಲಿಗೆ ಫೆಬ್ರವರಿ 25ರೊಳಗೆ ಹಿಂದಿರುಗಬೇಕು. ಮರುದಿನ ಬೆಳಗಾಗುವ ಮುಂಚೆಯೇ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡರು. ಡೈರಿಯಲ್ಲಿ ಒಪ್ಪಂದದ ಬಗ್ಗೆ ಸಿಟ್ಟಿನ ಅರ್ಧ ಪುಟ ಇದೆ, ಶಾಸ್ತ್ರಿಯವರ ಬಗ್ಗೆ ಒಂದು ಪೂರ್ತಿ ಪುಟ. ಅಜ್ಜಿ ಇತ್ತ ಪುಣೆಯಲ್ಲಿ ಧಾನ್ಯ ಉಳಿಸಿ ಅಂತ ಶಾಸ್ತ್ರಿ ಹೇಳಿದ್ದಕ್ಕೆ ಸೋಮವಾರ ರಾತ್ರಿ ಊಟ ಬಿಟ್ಟವರು, ಅವರು ಹೋದ ಮೇಲೂ ಶುರು ಮಾಡಲೇ ಇಲ್ಲ.

ಡೋಗರಾಯ್ ಬಿಡುವ ಹೊತ್ತಿಗೆ ಮಾಮಾ ತಮ್ಮ ಓಪಿ ಇದ್ದ ಮಾಳಿಗೆಗೆ ಹೋಗಿ ಬಂದಿದ್ದಾರೆ. ಗೋಡೆಯ ಗೂಡಿನಲ್ಲಿ ಯಾರದೋ ಮಗುವಿನ ಪಾಟಿ ಇತ್ತಂತೆ. ಅದನ್ನು ಅಲ್ಲೇ ಒರಗಿಸಿಟ್ಟು ಬಂದೆ ಅಂತ ಬರೆದಿದ್ದಾರೆ.

ನಮ್ಮ ಮನೆಯಲ್ಲೂ ಇಂಥ ಕಾಗದ ಇವೆ. ಏನು ಮಾಡಬೇಕು?

ಮೊದಲು, ಏನು ಮಾಡಬಾರದು ಅಂತ. ಲ್ಯಾಮಿನೇಟ್ ಮಾಡಿಸಬೇಡಿ. ನಾನು ಮಾಡಿಸಿದ್ದೆ. ಒಂದೇ ಕಾಗದ, ಪರೀಕ್ಷೆಗೆ ಅಂತ. ಮಷೀನಿನಿಂದ ಸೊಟ್ಟಗೆ ಸುಟ್ಟು ಬಂತು, ಮುದ್ರೆಯ ಮಸಿ ಹರಡಿಹೋಯಿತು. ಪಕ್ಷದ ಕಾಗದ ಅದೇ. ಅಂಗಡಿಯ ಹುಡುಗ "ಸಾಹೇಬ್, ಕಾಗದಾನೇ ಹಳೇದು" ಅಂದ. ಏನು ಹೇಳೋದು?

ಸೆಲ್ಲೋಟೇಪ್ ಬೇಡ, ಅದರ ಅಂಟು ಹಳದಿಯಾಗಿ ಕಾಗದ ತಿನ್ನುತ್ತದೆ. ಪಿನ್, ಸ್ಟೇಪಲ್ ತೆಗೆಯಿರಿ, ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ನಮ್ಮ ಪುಣೆ, ಮುಂಬೈ ಮಳೆಗಾಲದಲ್ಲಿ ಒಳಗೆ ಬೆವರಿ ಬೂಸ್ಟು ಬರುತ್ತದೆ. ಆಸಿಡ್ ಇಲ್ಲದ ಕಾಗದದಲ್ಲಿ ಸುತ್ತಿ, ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಕಟ್ಟಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಮಡಿಕೆ ಬಿಡಿಸುವಾಗ ಅವಸರ ಬೇಡ. ಇನ್‌ಲ್ಯಾಂಡ್ ಲೆಟರ್ ಮಡಿಕೆಯಲ್ಲೇ ಹರಿಯೋದು. ಫೌಂಟನ್ ಪೆನ್ನಿನ ಮಸಿಗೆ ಒಂದು ಹನಿ ನೀರು ತಾಗಿದರೂ ಅಕ್ಷರ ಹೋಯಿತು.

ಫೋಟೋ ತೆಗೆಯೋದು ಮೊದಲು, ಓದೋದು ಆಮೇಲೆ. ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಇಟ್ಟರೆ ಮಾಸಿದ ಪೆನ್ಸಿಲ್ ಕೂಡ ಏಳುತ್ತದೆ. ಖಾಲಿ ಪುಟಗಳನ್ನೂ ತೆಗೆಯಿರಿ. ಯಾವ ದಿನ ಬರೆದಿಲ್ಲ ಅನ್ನೋದೂ ಬೇಕಾಗುತ್ತದೆ.

ಮೆಡಲ್, ನಂಬರಿನಿಂದ ಏನಾದರೂ ಗೊತ್ತಾಗುತ್ತಾ?

ಆಗುತ್ತೆ. ಮೆಡಲ್ಲಿನ ಅಂಚಿನಲ್ಲಿ ನಂಬರು, ಹುದ್ದೆ, ಹೆಸರು ಕೊರೆದಿರುತ್ತಾರೆ. ಅಧಿಕಾರಿಯ ನಂಬರು "ಐಸಿ" ಅಂತ ಶುರುವಾದರೆ ಪರ್ಮನೆಂಟ್ ಕಮಿಷನ್, "ಇಸಿ" ಆದರೆ ಎಮರ್ಜೆನ್ಸಿ. 1965ರಲ್ಲಿ ಯುದ್ಧಕ್ಷೇತ್ರದಲ್ಲಿ ಇದ್ದವರಿಗೆ ಸಮರ ಸೇವಾ ಸ್ಟಾರ್ ಸಿಕ್ಕಿತು. ರಕ್ಷಾ ಮೆಡಲ್ ಅದಕ್ಕಿಂತ ಬಹಳ ಜನಕ್ಕೆ ಸಿಕ್ಕಿದೆ. ಎರಡನ್ನೂ ಬ್ರಾಸೋ ಪಾಲಿಶ್ ಹಾಕಿ ತಿಕ್ಕಬೇಡಿ, ಅಂಚಿನ ಅಕ್ಷರ ಸವೆಯುತ್ತದೆ.

ಪುಸ್ತಕ ಮಾಡ್ತೀರಾ? ಕಾನೂನಿನ ತೊಂದರೆ ಇಲ್ವಾ?

ಕಾಗದ ಯಾರಿಗೆ ಬಂತೋ ಆ ಹಾಳೆ ಅವರದು. ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ನಮ್ಮಲ್ಲಿ ಎರಡೂ ಒಂದೇ ಮನೆ, ಆದರೂ ಮಾಮಾರ ಮಕ್ಕಳಿಂದ ಬರಹದಲ್ಲಿ ಒಪ್ಪಿಗೆ ಪಡೆದಿದ್ದೇನೆ. ಸತ್ತ ಜವಾನರ ಹೆಸರುಗಳನ್ನು ಅಚ್ಚು ಹಾಕುವುದಿಲ್ಲ. ಅವರ ಮನೆಯವರಿಗೆ ಏನು ತಿಳಿಸಿದ್ದರೋ, ನಮ್ಮ ಪುಟದಿಂದ ಇನ್ನೊಂದು ಗೊತ್ತಾಗೋದು ಬೇಡ. ಇದಕ್ಕೆ ನಮ್ಮ ಸಣ್ಣ ಮಾಮಾ ಒಪ್ಪುವುದಿಲ್ಲ, ಹೆಸರು ಹಾಕೋದೇ ಗೌರವ ಅನ್ನುತ್ತಾರೆ. ಜಗಳ ಇನ್ನೂ ನಡೆದಿದೆ.

ಮೂಲ ಡೈರಿ ನೋಡಬಹುದಾ?

ಬನ್ನಿ. ಭಾನುವಾರ ಬೆಳಿಗ್ಗೆ ಬೆಳಕು ಚೆನ್ನಾಗಿರುತ್ತದೆ. ಮಳೆ ಇದ್ದರೆ ತೆಗೆಯೋದಿಲ್ಲ. ಕೈ ತೊಳೆದು ಪೂರ್ತಿ ಒರೆಸಿಕೊಂಡಿರಬೇಕು, ಪೆನ್ನು ಜೇಬಿನಲ್ಲೇ ಇರಬೇಕು, ಪೆನ್ಸಿಲ್ ನಾನು ಕೊಡುತ್ತೇನೆ. ಹಿತ್ತಾಳೆ ಕೇಸ್ ಮುಟ್ಟಬಹುದು, ಒಂದು ಗೇಣಿಗಿಂತ ಸ್ವಲ್ಪ ಎತ್ತರ ಇದೆ. ಅಜ್ಜಿ ಅದರಲ್ಲಿ ಊದುಬತ್ತಿ ಇಡುತ್ತಿದ್ದರು. ಚಹಾ, ಡೈರಿ ಮುಚ್ಚಿದ ಮೇಲೆ.